ಸಹಾಯ ಬೇಕು: ಹೊಸ ಫಾರ್ಮ್‌ನಲ್ಲಿ ಟೈಪ್ ಮಾಡಿದ ಅಂಕಿಗಳೇ ಮಾಯ

ಎಲ್ಲರಿಗೂ ನಮಸ್ಕಾರ. 11 ವರ್ಷದಿಂದ ಬಿಲ್ ಎಂಟ್ರಿ ಕೆಲಸ ಮಾಡುತ್ತಿದ್ದೇನೆ. ಇಷ್ಟು ದಿನ ನಮ್ಮದು ಹಳೇ ಟರ್ಮಿನಲ್. ಕಪ್ಪು ಸ್ಕ್ರೀನ್, 24 ಸಾಲು, ಸಾಲಿಗೆ 80 ಅಕ್ಷರ. ಕಣ್ಣು ಕಾಗದದ ಮೇಲೆ, ಕೈ ಕೀಬೋರ್ಡಿನ ಮೇಲೆ. ಸರ್ವರ್ ನಿಧಾನವಾದರೂ ಒತ್ತಿದ ಕೀಗಳು ಬಫರಿನಲ್ಲಿ (ಅವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಜಾಗ) ಕಾದಿದ್ದು, ಆಮೇಲೆ ಸರಿಯಾದ ಜಾಗದಲ್ಲೇ ಬೀಳುತ್ತಿದ್ದವು.

ಹೋದ ತಿಂಗಳು ಬ್ರೌಸರ್ ಫಾರ್ಮ್ ಬಂತು. ಹೊಸಬರು ಬೇಗ ಕಲಿಯುತ್ತಾರೆ, ಅದು ನಿಜ. ಆದರೆ ಗ್ರಾಹಕರ ಕೋಡ್ ಹಾಕಿ ಟ್ಯಾಬ್ ಒತ್ತಿದರೆ ಹೆಸರು ಹುಡುಕಲು ಅರೆಕ್ಷಣ ಬೇಕು. ಅಷ್ಟರಲ್ಲಿ ನಾನು ಮುಂದಿನ ಖಾನೆಯ ಮೊತ್ತ 4750 ಹೊಡೆದಿರುತ್ತೇನೆ. ಸ್ಕ್ರೀನಿನಲ್ಲಿ ಬರೀ 50! ನಿನ್ನೆ ಇಂಥವು ಮೂರು ಕಣ್ಣಿಗೆ ಬಿದ್ದವು. ಬೀಳದೆ ಹೋದದ್ದು ಎಷ್ಟಿವೆಯೋ ಅಂತ ಹೆದರಿಕೆ.

ಟ್ಯಾಬ್ ಹೋಗುವ ಕ್ರಮ ಸರಿಮಾಡಿಸಿದೆವು. ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗುವ ಹಾಗೂ ಮಾಡಿಸಿದೆವು. ಮೌಸ್ ಮುಟ್ಟುವುದು ತಪ್ಪಿತು, ಅಂಕಿ ನುಂಗುವುದು ಮಾತ್ರ ನಿಂತಿಲ್ಲ. ಹುಡುಕಾಟ ಮುಗಿಯುವವರೆಗೆ ಮೊತ್ತದ ಖಾನೆ ಡಿಸೇಬಲ್ ಆಗಿರುತ್ತದಂತೆ (ಅಂದರೆ ಏನು ಒತ್ತಿದರೂ ತಗೊಳ್ಳದಂತೆ ಮುಚ್ಚಿರುತ್ತದೆ), ಅದಕ್ಕೇ ಹೀಗೆ ಅಂತಾರೆ ಡೆವಲಪರ್. ಅದನ್ನು ತೆಗೆದರೆ ತಪ್ಪು ಕೋಡ್‌ಗೆ ಮೊತ್ತ ಸೇರಬಹುದು ಅನ್ನುವುದು ಅವರ ಭಯ. ಅವರ ಮಾತಲ್ಲೂ ಅರ್ಥವಿದೆ ಅಲ್ವಾ? ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಖಾನೆಯನ್ನು ತೆರೆದೇ ಇಟ್ಟು, ಕೋಡ್ ಸರಿಯಿಲ್ಲದಿದ್ದರೆ ಸೇವ್ ಆಗದಂತೆ ತಡೆದರೆ ಸಾಕಾ? ಇಲ್ಲಾ ಆ ಅರೆಕ್ಷಣದ ಕೀಗಳನ್ನು ಟರ್ಮಿನಲ್ ಥರ ಹಿಡಿದಿಟ್ಟು ಆಮೇಲೆ ಖಾನೆಗೆ ಹಾಕಿಸಬೇಕಾ? ಇದನ್ನು ಮಾಡಿ ನೋಡಿದವರು ಇದ್ದರೆ, ಡೆವಲಪರ್‌ಗೆ ಯಾವುದನ್ನು ಕೇಳಲಿ ಹೇಳಿ.