ಪಕ್ಷೇತರರ ನಾಮಪತ್ರ ತಿರಸ್ಕೃತವಾಗದಿರಲು ಏನು ನೋಡಿಕೊಳ್ಳಬೇಕು?

ಪ್ರಶ್ನೆ: ನಮಸ್ಕಾರ ಸರ್. ವಿಧಾನಸಭೆ ಚುನಾವಣೆಗೆ ನಮ್ಮ ಕ್ಷೇತ್ರದಿಂದ ಪಕ್ಷೇತರರಾಗಿ ನಿಲ್ಲುವವರ ಕಾಗದಪತ್ರದ ಕೆಲಸ ನನ್ನ ಪಾಲಿಗೆ ಬಂದಿದೆ. ಅವರ ವೋಟು ಪಕ್ಕದ ಕ್ಷೇತ್ರದಲ್ಲಿದೆ. ನಾಮಪತ್ರ ಬೀಳದಂತೆ ಏನು ಎಚ್ಚರ ವಹಿಸಬೇಕು?

ಉತ್ತರ (ವಕೀಲರು): ವೋಟು ಪಕ್ಕದ ಕ್ಷೇತ್ರದಲ್ಲಿದ್ದರೆ ಅಡ್ಡಿಯಿಲ್ಲ, ರಾಜ್ಯದ 224 ಕ್ಷೇತ್ರಗಳಲ್ಲಿ ಎಲ್ಲಿಯಾದರೂ ಇರಬಹುದು. ಆದರೆ ಆ ಮತದಾರರ ಪಟ್ಟಿಯ ದೃಢೀಕೃತ ಪ್ರತಿಯನ್ನು ನಾಮಪತ್ರದ ಜೊತೆಗೋ ಪರಿಶೀಲನೆಯ ಹೊತ್ತಿಗೋ ಕೊಡಲೇಬೇಕು. ವೋಟರ್ ಐಡಿ ತೋರಿಸಿದರೆ ಸಾಲದು.

ಹೆಚ್ಚು ಜನ ಎಡವುವುದು ಸೂಚಕರ, ಅಂದರೆ ಅಭ್ಯರ್ಥಿಯ ಹೆಸರನ್ನು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವ ಮತದಾರರ ವಿಷಯದಲ್ಲಿ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ 10 ಜನ ಬೇಕು. ಹತ್ತೂ ಜನ ಸ್ಪರ್ಧಿಸುವ ಕ್ಷೇತ್ರದ ಮತದಾರರೇ ಆಗಿರಬೇಕು. ಒಂದೇ ತಾಲ್ಲೂಕು ಎರಡು ಕ್ಷೇತ್ರಗಳಿಗೆ ಹಂಚಿಹೋಗಿರುವ ಕಡೆ ಗಡಿ ಊರಿನವರ ಸಹಿ ಹಾಕಿಸಿ ಕೆಟ್ಟವರು ಬಹಳ. ಒಬ್ಬರ ಹೆಸರು ಪಟ್ಟಿಯಲ್ಲಿ ಸಿಗದಿದ್ದರೂ ಲೆಕ್ಕಕ್ಕೆ ಉಳಿಯುವುದು ಒಂಬತ್ತೇ, ನಾಮಪತ್ರ ಬಿತ್ತೆಂದೇ ತಿಳಿಯಿರಿ. ಹೆಬ್ಬೆಟ್ಟು ಒತ್ತುವ ಸೂಚಕರಿದ್ದರೆ ಅವರನ್ನು ಚುನಾವಣಾಧಿಕಾರಿಯ ಮುಂದೆಯೇ ಕರೆದೊಯ್ದು ಒತ್ತಿಸಬೇಕು, ಮನೆಯಲ್ಲಿ ಒತ್ತಿಸಿ ತಂದದ್ದು ನಡೆಯದು. ಒಬ್ಬರು ಒಂದು ಕ್ಷೇತ್ರಕ್ಕೆ 4 ನಾಮಪತ್ರಗಳವರೆಗೆ ಸಲ್ಲಿಸಬಹುದು, ಠೇವಣಿ ಮಾತ್ರ ಒಂದೇ. ಆದ್ದರಿಂದ ಕನಿಷ್ಠ ಎರಡು ಸೆಟ್ ಕೊಡಿ, ಎರಡಕ್ಕೂ ಬೇರೆ ಬೇರೆ ಹತ್ತು ಸೂಚಕರಿರಲಿ. ಅದೇ ಹತ್ತು ಜನ ಎಲ್ಲ ಸೆಟ್‌ಗೂ ಸಹಿ ಹಾಕಿದರೆ ಒಂದು ತಪ್ಪಿಗೆ ಎಲ್ಲವೂ ಬೀಳುತ್ತವೆ.

ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳಲ್ಲಿ ಸಣ್ಣ ಬರವಣಿಗೆ ತಪ್ಪಾಗಿದ್ದರೆ ಹೆದರಬೇಡಿ. ಗಂಭೀರವಲ್ಲದ ದೋಷಕ್ಕೆ ತಿರಸ್ಕರಿಸಬಾರದೆಂದು ಪ್ರಜಾಪ್ರತಿನಿಧಿ ಕಾಯ್ದೆಯ 36(4) ಹೇಳುತ್ತದೆ. ಆದರೆ ಸಹಿಯೇ ಇಲ್ಲದಿದ್ದರೆ ಈ ರಕ್ಷಣೆ ಸಿಗದು.

ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ಯಾವ ಕಾಲಮನ್ನೂ ಖಾಲಿ ಬಿಡಬೇಡಿ, ಗೀಟೂ ಎಳೆಯಬೇಡಿ. ಆಸ್ತಿ ಇಲ್ಲವಾದರೆ ‘ಇಲ್ಲ’ ಎಂದೇ ಬರೆಯಿರಿ. ಖಾಲಿ ಬಿಟ್ಟರೆ ಅಧಿಕಾರಿ ನೋಟಿಸ್ ಕೊಡುತ್ತಾರೆ, ಆಮೇಲೂ ತುಂಬದಿದ್ದರೆ ತಿರಸ್ಕರಿಸಬಹುದು. 2013ರ ಸುಪ್ರೀಂ ಕೋರ್ಟ್ ತೀರ್ಪು ಇದನ್ನು ಸ್ಪಷ್ಟವಾಗಿ ಹೇಳಿದೆ.

ಪ್ರತಿಕ್ರಿಯೆ (ನಿವೃತ್ತ ತಹಶೀಲ್ದಾರರು): ವಕೀಲರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸಂವಿಧಾನಕ್ಕೆ ನಿಷ್ಠೆ ತೋರುವೆನೆಂದು ಅಭ್ಯರ್ಥಿ ಮಾಡಬೇಕಾದ ಪ್ರಮಾಣವಚನ ಮರೆಯಬೇಡಿ. ನಾಮಪತ್ರ ಕೊಟ್ಟ ಮೇಲೆ, ಪರಿಶೀಲನೆಯ ಹಿಂದಿನ ದಿನದೊಳಗೆ ಅದು ಮುಗಿದಿರಬೇಕು. ಪರಿಶೀಲನೆಯ ದಿನ ಬೆಳಿಗ್ಗೆ ಬಂದು ಮಾಡುತ್ತೇನೆಂದರೆ ಆಗದು. ನಾಮಪತ್ರ ಕೊಟ್ಟ ಕೂಡಲೇ ಅಲ್ಲೇ ಮುಗಿಸಿಕೊಳ್ಳಿ. ಚುನಾವಣಾ ಖರ್ಚಿನ ಬ್ಯಾಂಕ್ ಖಾತೆಯನ್ನು ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲೇ ತೆರೆದಿರಬೇಕು. ಸಲ್ಲಿಕೆಯ ಸಮಯ 11ರಿಂದ 3 ಗಂಟೆ. ಕೊನೆಯ ದಿನಕ್ಕೆ ಇಟ್ಟುಕೊಂಡರೆ ತಿದ್ದಿಕೊಳ್ಳಲು ಹೊತ್ತೇ ಇರುವುದಿಲ್ಲ.

ಪ್ರಶ್ನೆ: ತುಂಬ ಉಪಕಾರವಾಯಿತು ಸರ್. ಠೇವಣಿಯನ್ನು ಚೆಕ್‌ನಲ್ಲಿ ಕಟ್ಟಬಹುದೇ? ವಾಪಸ್ ಬರಲು ಎಷ್ಟು ಮತ ಬೇಕು?

ಉತ್ತರ (ವಕೀಲರು): ಚೆಕ್ ಬೇಡ, ನಗದು ಕಟ್ಟಿ ಅಥವಾ ಖಜಾನೆಗೆ ಕಟ್ಟಿದ ಚಲನ್ ಲಗತ್ತಿಸಿ. ಮೊತ್ತ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಸಿಂಧು ಮತಗಳ, ಅಂದರೆ ಚಲಾವಣೆಯಾದ ಒಟ್ಟು ಕ್ರಮಬದ್ಧ ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಂದರೆ ವಾಪಸ್. ಸಿಂಧು ಮತ 1,50,000 ಇದ್ದರೆ 25,000 ಸಾಲದು, 25,001 ಬೇಕು. ನೋಟಾ ಮತಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಗೆದ್ದರೂ ಸೋತರೂ ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಖರ್ಚಿನ ಲೆಕ್ಕ ಕೊಡಬೇಕು. ತಕ್ಕ ಕಾರಣವಿಲ್ಲದೆ ಕೊಡದಿದ್ದರೆ ಆಯೋಗ 3 ವರ್ಷ ಅನರ್ಹಗೊಳಿಸಬಹುದು.