ನನ್ನ ಫೈರ್‌ಬಾಲ್‌ಗೆ ನಮ್ಮ ರೋಗ್ ಸತ್ತ, ವಜ್ರದ ದುಡ್ಡು ಯಾರು ಕೊಡಬೇಕು?

ವಿಝಾರ್ಡ್: ಡಿ ಅಂಡ್ ಡಿ (ಡೈಸ್ ಹಾಕಿ ಪಾತ್ರ ಆಡೋ ಟೇಬಲ್ ಆಟ), 2014ರ ರೂಲ್ಸು, ನಾವೆಲ್ಲ 5ನೇ ಲೆವೆಲ್. ಗಾಬ್ಲಿನ್‌ಗಳ ಮೇಲೆ ಫೈರ್‌ಬಾಲ್ (ಬೆಂಕಿ ಸ್ಫೋಟದ ಮಂತ್ರ) ಬಿಟ್ಟೆ, ಮೊದಲೇ ಏಟು ತಿಂದಿದ್ದ ನಮ್ಮ ರೋಗ್ (ಕಳ್ಳನ ಪಾತ್ರ) ಅದರೊಳಗೇ ಇದ್ದ. ಬಿದ್ದ. ಡೆತ್ ಸೇವ್ (ಬಿದ್ದವನು ಉಳೀತಾನಾ ಸಾಯ್ತಾನಾ ಅಂತ ಹಾಕೋ ಡೈಸ್) ಒಂದು ಫೇಲ್, ಆಮೇಲೆ ನ್ಯಾಚುರಲ್ 1 (ಡೈಸ್‌ನಲ್ಲೇ 1), ಮುಗೀತು. ನಮ್ಮ ಕ್ಲೆರಿಕ್ (ಪೂಜಾರಿ ಪಾತ್ರ) ತನ್ನ 300 ಗೋಲ್ಡಿನ ವಜ್ರ ಹಾಕಿ ರಿವಿವಿಫೈ ಮಂತ್ರದಿಂದ ಎಬ್ಬಿಸಿದ. ಈಗ ಆ ದುಡ್ಡು ನಾನೇ ಕೊಡಬೇಕಂತೆ. ನಿಮ್ಮಲ್ಲಿ ಹೀಗಾದಾಗ ಏನ್ ಮಾಡಿದ್ರಿ?

ಕ್ಲೆರಿಕ್ ಆಡುವವಳು: ನಮ್ಮ ಟೇಬಲ್‌ನಲ್ಲಿ ಮೂರು ವರ್ಷದಲ್ಲಿ ಮೂರು ವಜ್ರ, 900 ಗೋಲ್ಡ್, ಎಲ್ಲಾ ನನ್ನ ಪಾಲಿನದ್ದೇ! ಒಂದಂತೂ ನಮ್ಮ ಬಾರ್ಬೇರಿಯನ್‌ಗೆ ಹೋಯ್ತು. ನಿಧಿ ಸಿಕ್ತು ಅಂತ ಪೆಟ್ಟಿಗೆ ತಬ್ಕೊಂಡ, ಅದು ಮಿಮಿಕ್, ಪೆಟ್ಟಿಗೆ ವೇಷದ ಅಂಟೋ ರಾಕ್ಷಸ. ಎದೆ ಅಂಟ್ಕೊಳ್ತು. ಬಿಡಿಸೋಕೆ ಹೋದ ಫೈಟರ್ ಕೈ ಅಂಟ್ಕೊಳ್ತು. ಸಿಟ್ಟಲ್ಲಿ ಒದ್ದ, ಕಾಲೂ ಅಂಟ್ಕೊಳ್ತು. ಇಬ್ಬರೂ ಸತ್ರು. ರಿವಿವಿಫೈಗೆ ಇರೋದು ಒಂದೇ ನಿಮಿಷ, ಇಬ್ಬರಲ್ಲಿ ಯಾರನ್ನ ಉಳಿಸಲಿ? ಇವತ್ತಿಗೂ ಫೈಟರ್ ಆಡ್ತಿದ್ದವರು ನನ್ನ ಹತ್ರ ಸರಿಯಾಗಿ ಮಾತಾಡಲ್ಲ.

ಹಳೇ ಡಿಎಂ (ಆಟ ನಡೆಸೋವರು): 300ಕ್ಕೆ ಇಷ್ಟು ಗೋಳಾ? ನಮ್ಮ ಟೇಬಲ್‌ನಲ್ಲಿ ಒಬ್ಬ ಪೋರ್ಟಬಲ್ ಹೋಲ್ ಒಳಗೆ ಬ್ಯಾಗ್ ಆಫ್ ಹೋಲ್ಡಿಂಗ್ ಇಟ್ಟ (ಎರಡೂ ಒಳಗೆ ಬೇರೇನೇ ಜಾಗ ಇರೋ ಮ್ಯಾಜಿಕ್ ವಸ್ತು). ಎರಡೂ ನಾಶ, 10 ಅಡಿಯೊಳಗಿದ್ದ ನಾಲ್ಕೂ ಜನ ಆಸ್ಟ್ರಲ್ ಪ್ಲೇನ್ ಅನ್ನೋ ಬೇರೆ ಲೋಕಕ್ಕೆ. 14 ತಿಂಗಳು ಕೂಡಿಟ್ಟ 6,200 ಗೋಲ್ಡ್, ಎರಡು ಮ್ಯಾಜಿಕ್ ಕತ್ತಿ, ಒಂದು ಹೇಸರಗತ್ತೆ ಹೋಯ್ತು. ಕತ್ತೆಗೇ ಎಲ್ಲರೂ ಹೆಚ್ಚು ಅತ್ತಿದ್ದು.

ಬಾರ್ಡ್: ನನ್ನದು ಅನ್ಯಾಯದ ಕೇಸು. ಕಾವಲುಗಾರನಿಗೆ 'ನಾನು ಡ್ಯೂಕ್ ಮಗ' ಅಂದೆ. 1 ಬಿತ್ತು. ನನ್ನ ಡಿಸೆಪ್ಷನ್ (ಸುಳ್ಳು ಹೇಳೋ ಸ್ಕಿಲ್) +10, ಒಟ್ಟು 11, ಬೇಕಿದ್ದದ್ದು 10. ಆದ್ರೂ ಡಿಎಂ 'ಬಾಯಿ ತಪ್ಪಿ ನಿಜ ಹೇಳಿಬಿಟ್ಟೆ' ಅಂದ. ಆರು ವಾರ ಜೈಲು, ನನ್ನ ಲ್ಯೂಟ್ ವಾದ್ಯ ಹರಾಜು.

ಹಳೇ ಡಿಎಂ: 1 ಅಂದ್ರೆ 1. ಫೇಲ್.

ಬಾರ್ಡ್: ಪುಸ್ತಕ ತೆಗೆದು ನೋಡಿ ಸಾರ್. ಅಟ್ಯಾಕ್ ರೋಲ್‌ಗೆ 1 ಬಿದ್ರೆ ತಪ್ಪುತ್ತೆ, ಡೆತ್ ಸೇವ್‌ಗೆ ಎರಡು ಫೇಲ್ ಲೆಕ್ಕ. ಸ್ಕಿಲ್ ಚೆಕ್‌ಗೆ ಹಾಗೆ ಎಲ್ಲೂ ಬರೆದಿಲ್ಲ.

ಹಳೇ ಡಿಎಂ: ನೀವು ಹುಟ್ಟೋ ಮುಂಚೆಯಿಂದ ಆಡ್ತಿದ್ದೀನಿ. ಟೇಬಲ್‌ನಲ್ಲಿ ಡಿಎಂ ಮಾತೇ ರೂಲು.

ಬಾರ್ಡ್: ಹಾಗಾದ್ರೆ ಡೈಸ್ ಯಾಕೆ ಹಾಕ್ಸ್ತೀರಿ? ನೀವೇ ಕಥೆ ಹೇಳ್ಕೊಳ್ಳಿ, ನಾವು ಮನೆಗೆ ಹೋಗ್ತೀವಿ. ಆ ಲ್ಯೂಟ್‌ಗೆ ನಾಲ್ಕು ಪುಟದ ಹಿನ್ನೆಲೆ ಬರೆದಿದ್ದೆ ನಾನು.

ವಿಝಾರ್ಡ್: ಸ್ವಲ್ಪ ನಿಲ್ಲಿಸ್ತೀರಾ? ನಾಳೆ ಸಂಜೆ ಆಟ ಇದೆ. 150 ಕೊಟ್ರೆ ಸಾಕಾ?

ಕ್ಲೆರಿಕ್ ಆಡುವವಳು: ಮುನ್ನೂರು. ಪೂರ್ತಿ ಕೊಡಿ.