ಇಗರ್ಜಿ, ಚರ್ಚು, ಸಭೆ, ದೇವಾಲಯ: ಯಾವುದು ಜನ, ಯಾವುದು ಕಟ್ಟಡ?

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ವಾಕ್ಯ ಮೂರು ದಿನದಿಂದ ನನ್ನನ್ನು ಕಾಡುತ್ತಿದೆ. ನಮ್ಮ ಇಗರ್ಜಿಯ (ಚರ್ಚಿನ) ಪತ್ರಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ರೋಮ್ ಸಾಮ್ರಾಜ್ಯದ ಕಾಲದ ಕ್ರೈಸ್ತರು ಎಲ್ಲಿ ಸೇರುತ್ತಿದ್ದರು ಅನ್ನುವುದು ವಿಷಯ. ಅದರಲ್ಲಿ ಹೇಳಬೇಕಾದ ಮುಖ್ಯ ಮಾತು ಇಷ್ಟೇ: ಅವರು ತಮ್ಮ ಕಟ್ಟಡಗಳಿಗೆ ಸುತ್ತಲಿನ ರೋಮನ್ ಗುಡಿಗಳ ಮಾದರಿ ಹಿಡಿಯಲಿಲ್ಲ. ನಾವು ಕಥೊಲಿಕರು ಚರ್ಚಿನ ಕಟ್ಟಡಕ್ಕೂ "ದೇವಾಲಯ" ಅಂತಲೇ ಬರೆಯುವ ರೂಢಿ, ಹಾಗಾಗಿ ಇದು "ಕ್ರೈಸ್ತರು ದೇವಾಲಯಗಳನ್ನು ದೇವಾಲಯಗಳ ಹಾಗೆ ಕಟ್ಟಲಿಲ್ಲ" ಅಂತಾಗುತ್ತದೆ. ಓದಿದವರಿಗೆ ಏನು ತಿಳಿದೀತು?

ವಿಷಯ ಮಾತ್ರ ಬಹಳ ಸೊಗಸಾದದ್ದು. ರೋಮನ್ನರ ಗುಡಿ ಅಂದರೆ ದೇವರ ಮನೆ. ಮೂರ್ತಿ ಒಳಗೆ, ಬಲಿಪೀಠ ಹೊರಗೆ ಬಯಲಿನಲ್ಲಿ. ಜನ ಸೇರುತ್ತಿದ್ದದ್ದೂ ಹೊರಗೇ. ಕ್ರೈಸ್ತರಿಗೆ ಬೇಕಾಗಿದ್ದದ್ದು ಬೇರೆ. ಒಟ್ಟಿಗೆ ಕೂತು ಓದಿದ್ದನ್ನು ಕೇಳಬೇಕು, ರೊಟ್ಟಿ ಮುರಿದು ಹಂಚಿಕೊಳ್ಳಬೇಕು. ಅದಕ್ಕೆ ಮನೆಯೇ ಸಾಕಾಗಿತ್ತು. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪ್ರಿಸ್ಕ ಮತ್ತು ಅಕ್ವಿಲ ಎಂಬ ಗಂಡಹೆಂಡಿರ ಮನೆಯಲ್ಲಿ ಕೂಡುವ ಸಭೆಗೂ ವಂದನೆ ಹೇಳುತ್ತಾರೆ.

ಅಂಥ ಒಂದು ಮನೆ ಉಳಿದುಕೊಂಡಿದೆ. ಸಿರಿಯಾದಲ್ಲಿ ಯೂಫ್ರೆಟಿಸ್ ನದಿಯ ದಂಡೆಯ ದೂರಾ ಯೂರೋಪಸ್ ಎಂಬ ಗಡಿ ಪಟ್ಟಣದಲ್ಲಿ, 1930ರ ದಶಕದ ಅಗೆತದಲ್ಲಿ ಅದು ಸಿಕ್ಕಿತು. ಹೊರಗಿನಿಂದ ನೋಡಿದರೆ ಅಕ್ಕಪಕ್ಕದ ಮನೆಗಳ ಹಾಗೇ ಒಂದು ಮನೆ, ನಡುವೆ ಅಂಗಳ. ಒಳಗೆ ಎರಡು ಕೋಣೆಗಳ ನಡುವಿನ ಗೋಡೆ ಕೆಡವಿ ಒಂದು ಉದ್ದದ ಕೋಣೆ ಮಾಡಿಕೊಂಡಿದ್ದಾರೆ. ಅದರ ಒಂದು ತುದಿಗೆ ಗಿಡ್ಡನೆಯ ಜಗಲಿ. ಇನ್ನೊಂದು ಸಣ್ಣ ಕೋಣೆಯಲ್ಲಿ ಸ್ನಾನದೀಕ್ಷೆಯ ತೊಟ್ಟಿ. ತೊಟ್ಟಿಯ ಮೇಲೆ, ಹೆಗಲ ಮೇಲೆ ಕುರಿ ಹೊತ್ತ ಕುರುಬನ ಚಿತ್ರ. 256ರ ಸುಮಾರಿಗೆ ಪರ್ಷಿಯಾದವರು ಮುತ್ತಿಗೆ ಹಾಕಿದಾಗ, ಊರಿನ ಕೋಟೆಗೋಡೆಗೆ ಬಲ ಕೊಡಲು ಅದಕ್ಕೆ ತಾಗಿದ ಮನೆಗಳಿಗೆಲ್ಲ ಮಣ್ಣು ತುಂಬಿಸಿದರು. ಊರು ಬಿತ್ತು. ಮಣ್ಣಿನಡಿ ಚಿತ್ರಗಳು ಉಳಿದವು.

ಈಗ ನನ್ನ ಮೊದಲ ಪ್ರಶ್ನೆ. ಈ ಕಟ್ಟಡಕ್ಕೆ ಕನ್ನಡದಲ್ಲಿ ಏನನ್ನಬೇಕು? "ಮನೆ ಚರ್ಚು" ಅಂದರೆ ಅರ್ಥವಾಗುತ್ತದೆ, ಆದರೆ ನಾಲಿಗೆಗೆ ಒಗ್ಗುವುದಿಲ್ಲ. "ಪ್ರಾರ್ಥನಾ ಕೂಟ" ಅಂದರೆ ಕಾರ್ಯಕ್ರಮದ ಹೆಸರಾಯಿತು. "ಸಭೆಮನೆ" ಅನ್ನಬಹುದಾ?

ಹೀಗೆ ಕೇಳಲು ಕಾರಣ ಇದೆ. ಗ್ರೀಕಿನಲ್ಲಿ "ಎಕ್ಲೇಸಿಯ" ಅಂದರೆ ಕಟ್ಟಡವಲ್ಲ, ಜನರ ಕೂಟ. ಅಥೆನ್ಸಿನಲ್ಲಿ ಊರಿನ ಪ್ರಜೆಗಳು ಪ್ನಿಕ್ಸ್ ಗುಡ್ಡದ ಮೇಲೆ ಸೇರಿ ತೀರ್ಮಾನ ಮಾಡುತ್ತಿದ್ದ ಸಭೆಗೂ ಇದೇ ಹೆಸರು. ಅದೇ ಪದ ಲ್ಯಾಟಿನ್ನಿಗೆ ಹೋಗಿ, ಪೋರ್ಚುಗೀಸರ ಬಾಯಲ್ಲಿ "ಇಗ್ರೇಜ" ಆಗಿ, ಗೋವೆಯ ದಾರಿಯಿಂದ ಕೊಂಕಣಿಗೆ "ಇಗರ್ಜ್" ಆಗಿ, ನಮ್ಮ ಕರಾವಳಿಯ ಕನ್ನಡದಲ್ಲಿ "ಇಗರ್ಜಿ" ಆಗಿ ನಿಂತಿತು. ಇಂಗ್ಲಿಷಿನಿಂದ ಬಂದ "ಚರ್ಚು" ಬೇರೆ ಬೇರಿನದು. ಅದರ ಮೂಲ ಗ್ರೀಕಿನ "ಕುರಿಯಕೋನ್". ಒಡೆಯನದು, ಅಂದರೆ ಕರ್ತನಿಗೆ ಸೇರಿದ್ದು ಅಂತ ಅರ್ಥ. ಜರ್ಮನ್ನರ "ಕಿರ್ಖೆ"ಯೂ ಅಲ್ಲಿಯದೇ. ಹಾಗಾಗಿ ಬೇರು ಹಿಡಿದು ನೋಡಿದರೆ ಇಗರ್ಜಿಯ ಜೋಡಿ "ಸಭೆ", ಚರ್ಚಿನ ಜೋಡಿ "ದೇವಾಲಯ". ನಾಲ್ಕೂ ಪದಗಳನ್ನು ಆಡುತ್ತಲೇ ಬೆಳೆದ ನನಗೆ ಇದು ಹೊಳೆದದ್ದು ಮೊನ್ನೆ.

ನಾನು ಉಡುಪಿ ಕಡೆಯವಳು. ಅಜ್ಜಿಗೆ ಕಟ್ಟಡವೂ ಇಗರ್ಜಿ, ಪೋಪರಿಂದ ಹಿಡಿದು ನಮ್ಮವರೆಗಿನ ಎಲ್ಲ ಜನರೂ ಇಗರ್ಜಿ. ಎರಡನ್ನೂ ಬೇರೆ ಮಾಡಿ ತೋರಿಸಿದವರು ಧಾರವಾಡದಲ್ಲಿ ಪಕ್ಕದ ಮನೆಯಲ್ಲಿದ್ದ ಒಬ್ಬ ಅಕ್ಕ. ಪ್ರೊಟೆಸ್ಟಂಟರ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ ಕಡೆಗೂ ಹೋಯಿತಲ್ಲ, ಆ ಪರಂಪರೆಯ ಮನೆತನ ಅವರದು. ಒಂದು ಸಂಜೆ ನಮ್ಮಲ್ಲಿಗೆ ಬಂದು ಎರಡು ಚಾಪೆ ಕೇಳಿದರು. "ಇವತ್ತ ಸಭಾ ನಮ್ಮ ಮನ್ಯಾಗ ಐತ್ರಿ" ಅಂದರು. ಸಭೆ ಮನೆಗೆ ಬರುತ್ತದೆ! ಇಗರ್ಜಿ ಮನೆಗೆ ಬಂತು ಅಂತ ನಮ್ಮ ಕಡೆ ಯಾರೂ ಹೇಳುವುದಿಲ್ಲ. ಪೌಲರು ಬರೆದ ಪದದ ಹಳೆಯ ಅರ್ಥ ಆ ಅಕ್ಕನ ಮಾತಿನಲ್ಲಿ ಹಾಗೇ ಇತ್ತು.

ಕಥೊಲಿಕ ಬರವಣಿಗೆಯಲ್ಲೂ ಈ ವ್ಯತ್ಯಾಸ ಇಲ್ಲದೇ ಇಲ್ಲ. ಜನಕ್ಕೆ "ಧರ್ಮಸಭೆ", ಕಟ್ಟಡಕ್ಕೆ "ದೇವಾಲಯ" ಅನ್ನುತ್ತೇವೆ. ಇಂಗ್ಲಿಷ್ ಒಂದೇ ಪದದಲ್ಲಿ ಕಲೆಸಿಬಿಟ್ಟದ್ದನ್ನು ಕನ್ನಡ ಬೇರೆಬೇರೆಯಾಗಿ ಇಟ್ಟುಕೊಂಡಿದೆ. ಅದಕ್ಕೇ ಎಲ್ಲ ಕಡೆ "ಚರ್ಚು" ಅಂತ ಹಾಕಿ ಮುಗಿಸಿಬಿಡಲು ನನಗೆ ಮನಸ್ಸಿಲ್ಲ.

ಎರಡನೆಯ ಪ್ರಶ್ನೆ ಬಸಿಲಿಕಾದ್ದು. 313ರಲ್ಲಿ ರೋಮ್ ಸಾಮ್ರಾಟರಾದ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಕ್ರೈಸ್ತರಿಗೆ ಬಹಿರಂಗವಾಗಿ ಆರಾಧಿಸುವ ಹಕ್ಕು ಕೊಟ್ಟರು. ಜನ ಜಾಸ್ತಿಯಾದರು, ಮನೆ ಸಾಲದಾಯಿತು. ಆಗ ಆರಿಸಿಕೊಂಡ ಮಾದರಿ ಗುಡಿಯದಲ್ಲ, ಬಸಿಲಿಕಾದ್ದು. ರೋಮನ್ ಊರುಗಳಲ್ಲಿ ನ್ಯಾಯತೀರ್ಮಾನ, ವ್ಯಾಪಾರ ನಡೆಯುತ್ತಿದ್ದ ಉದ್ದನೆಯ ಹಜಾರ ಅದು. ಎರಡೂ ಬದಿ ಕಂಬಸಾಲು, ಹಲವು ಕಡೆ ತುದಿಯಲ್ಲಿ ಅರ್ಧಚಂದ್ರದ ಗೋಡೆ. ನ್ಯಾಯಾಧಿಕಾರಿ ಕೂರುತ್ತಿದ್ದ ಆ ತುದಿಯಲ್ಲಿ ಬಿಷಪರ ಪೀಠ ಬಂತು. ಇವತ್ತಿಗೂ ಬಾಗಿಲಲ್ಲಿ ನಿಂತರೆ ಎರಡು ಸಾಲು ಕಂಬದ ನಡುವೆ ಕಣ್ಣು ನೇರ ಪೀಠದ ಕಡೆ ಹೋಗುತ್ತದಲ್ವಾ? ಆ ನೋಟ ಬಂದದ್ದು ಕೋರ್ಟಿನಿಂದ!

ಬಸಿಲಿಕಾ ಗ್ರೀಕ್ ಮೂಲದ ಪದ, ಅರ್ಥ "ಅರಸನದು". ಈಗ ಮಾತ್ರ ಅದು ರೋಮಿನಿಂದ ಬರುವ ಗೌರವದ ಬಿರುದು. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನ ದೇವಾಲಯಕ್ಕೆ 1973ರಲ್ಲಿ, ಕಾರ್ಕಳದ ಅತ್ತೂರಿಗೆ 2016ರಲ್ಲಿ ಸಿಕ್ಕಿತು. ಹಾಗಾಗಿ ಹಳೆಯ ರೋಮಿನ ಕಟ್ಟಡಕ್ಕೂ "ಬಸಿಲಿಕಾ" ಅಂತ ಬರೆದರೆ ಓದುಗರ ಕಣ್ಣಿಗೆ ಅತ್ತೂರೇ ಬರುತ್ತದೆ. ನನಗೆ ತೋಚಿದ್ದು "ಚಾವಡಿ". ಊರಿನ ಹಿರಿಯರು ಕೂತು ನ್ಯಾಯ ಹೇಳುವ ಜಾಗ, ಕಂಬಗಳಿರುವ, ಎಲ್ಲರೂ ಬಂದು ಕೂರಬಹುದಾದ ಜಾಗ. "ಅರಸು ಚಾವಡಿ" ಅಂದರೆ ಗ್ರೀಕಿನ ಅರ್ಥವೂ ಬಂತು. ಆದರೆ ಮೈಸೂರು, ಮಂಡ್ಯ ಕಡೆಯವರಿಗೆ ಚಾವಡಿ ಅಂದರೆ ಎಷ್ಟು ದೊಡ್ಡ ಜಾಗ ಕಣ್ಣಿಗೆ ಬರುತ್ತದೆ? ನೂರಾರು ಜನ ಹಿಡಿಸುವ ಹಜಾರ ಅನ್ನಿಸುತ್ತದೋ, ಬರೀ ಮನೆಮುಂದಿನ ಜಗಲಿಯೋ?

ಸದ್ಯಕ್ಕೆ ವಾಕ್ಯವನ್ನು ಹೀಗೆ ಬರೆದಿಟ್ಟಿದ್ದೇನೆ: "ಸಭೆ ಮೊದಲು ಮನೆಗಳಲ್ಲಿ ಕೂಡುತ್ತಿತ್ತು. ಆಮೇಲೆ ಇಗರ್ಜಿಗಳನ್ನು ಕಟ್ಟುವಾಗ ರೋಮನ್ನರ ಗುಡಿಗಳನ್ನು ನೋಡಿ ಕಟ್ಟಲಿಲ್ಲ, ಅವರ ಚಾವಡಿಗಳನ್ನು ನೋಡಿ ಕಟ್ಟಿದರು." ಕರಾವಳಿಯ ಆಚೆಯವರು ಇದನ್ನು ಓದಿದಾಗ "ಇಗರ್ಜಿ" ಎಡವಿಸುತ್ತದಾ, ದಯವಿಟ್ಟು ತಿಳಿಸಿ. ಪತ್ರಿಕೆ ಅಚ್ಚಿಗೆ ಹೋಗುವುದು ಬರುವ ಶುಕ್ರವಾರ.